ತಗಡಿನಂಗಡಿಯ ಪಕ್ಕ

ಮಾಲತೇಶನ ಅಂಗಡಿಯಲ್ಲಿ ಎಲ್ಲವೂ ಇತ್ತು, ನಿಶ್ಶಬ್ದವೊಂದನ್ನು ಬಿಟ್ಟು.

ದಾಂಡೇಲಿಯ ಶಿವಲಿಂಗಪ್ಪನ ಕಾಂಪ್ಲೆಕ್ಸಿನಲ್ಲಿ ಅವನದು ಕಿವಿ ಪರೀಕ್ಷೆಯ ಅಂಗಡಿ. ಹುಬ್ಬಳ್ಳಿಯ ಕಂಪನಿಯೊಂದು ಎರಡು ವಾರ ತರಬೇತಿ ಕೊಟ್ಟು, ಪರೀಕ್ಷೆಯ ಪೆಟ್ಟಿಗೆ, ಹೆಡ್‌ಫೋನು, ಕಪಾಟಿನ ತುಂಬ ಶ್ರವಣಯಂತ್ರಗಳ ಸಮೇತ ಅವನನ್ನು ಇಲ್ಲಿ ಕೂರಿಸಿತ್ತು. ಒಂದೇ ಇಟ್ಟಿಗೆಯ ಗೋಡೆಯ ಆಚೆ ಮನ್ಸೂರನ ತಗಡಿನಂಗಡಿ. ಟ್ರಂಕು, ಹಿಟ್ಟಿನ ಡಬ್ಬಿ, ನೀರಿನ ಟಾಕಿ. ಬೆಳಿಗ್ಗೆ ಷಟರ್ ಎತ್ತಿದನೆಂದರೆ ಸುತ್ತಿಗೆ ಕೆಳಗಿಡುವ ಆಸಾಮಿಯಲ್ಲ. ಮಾಲತೇಶನ ಮೇಜಿನ ಮೇಲಿನ ಪೆನ್ನು ತಾನಾಗಿಯೇ ಉರುಳಿ ಕೆಳಗೆ ಬೀಳುತ್ತಿತ್ತು. ಶುಕ್ರವಾರ ಮನ್ಸೂರನ ರಜೆ. ಆವತ್ತೊಂದು ದಿನ ಜೀವಕ್ಕೆ ಸಮಾಧಾನ.

“ಮನ್ಸೂರಭಾಯ್, ಸ್ವಲ್ಪ ಸಾವಕಾಶ ಬಡೀರಿ. ಗಿರಾಕಿ ಕುಂತಾರ.”

“ಸಾವಕಾಶ ಬಡದ್ರ ತಗಡು ಬಾಗತೈತೇನ್ರಿ?” ಮನ್ಸೂರ ನಕ್ಕ. “ಮತ್ತ ನಾ ಬಡದಷ್ಟೂ ನಿಮಗ ಚಲೋನ ಅಲ್ಲೇನ್ರಿ ಸಾಹೇಬ್ರ? ನಾವಿಬ್ರೂ ಪಾರ್ಟನರ್ ಇದ್ದಂಗ.”

ಓಣಿಯವರ ಕಿವಿ ಕೆಡಿಸಿ ನಿನ್ನ ಕಡೆ ಕಳಿಸುತ್ತೇನೆ ಎಂಬ ಕುಚೋದ್ಯ. ಮಾಲತೇಶನಿಗೆ ಮೈಯೆಲ್ಲ ಉರಿಯಿತು.

ಹಾಗೆಂದು ವ್ಯಾಪಾರಕ್ಕೆ ಕುಂದಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತವರು ಬರಿಗೈಲಿ ಏಳುತ್ತಿದ್ದದ್ದು ಅಪರೂಪ. ಕಂಪನಿಗೂ ಖುಷಿ. ಹಳಿಯಾಳ, ಜೋಯಿಡಾ, ಮುಂಡಗೋಡದ ಏಜೆನ್ಸಿಯನ್ನೂ ಅವನಿಗೇ ಕೊಡುವ ಮಾತಾಡಿತ್ತು. ಶುಕ್ರವಾರ ಮಾತ್ರ ಒಂದೂ ಯಂತ್ರ ಹೋಗುತ್ತಿರಲಿಲ್ಲ. ಲಕ್ಷ್ಮಿಯ ದಿನ, ಜನ ಗಂಟು ಬಿಚ್ಚುವುದಿಲ್ಲ ಎಂದು ಅವನು ಆ ದಿನ ಬೇಗ ಬಾಗಿಲು ಹಾಕುತ್ತಿದ್ದ.

ಏಜೆನ್ಸಿಗೆ ಒಂದೇ ಷರತ್ತು. ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ, ಕೋಣೆ ಶಾಂತವಾಗಿರಬೇಕು. ಇಲ್ಲದಿದ್ದರೆ ಇದ್ದ ದಾಂಡೇಲಿಯೂ ಕೈಬಿಟ್ಟು ಹೋಗುತ್ತದೆ.

ಮಾಲತೇಶ ಮಾಲೀಕನ ಮನೆಗೆ ಹೋದ. ಶಿವಲಿಂಗಪ್ಪ ಅವನ ಮೊಟ್ಟಮೊದಲ ಗಿರಾಕಿ. ಯಂತ್ರ ಈಗ ಅಂಗಿಯ ಕಿಸೆಯಲ್ಲಿತ್ತು.

“ಇಬ್ರೂ ನನ್ನ ಬಾಡಗಿದಾರ್ರು. ಯಾರಿಗಂತ ಹೇಳ್ಲೆಪಾ?”

ಹೆಂಡತಿ ಶಿವವ್ವ ಚಹಾ ತಂದಿಟ್ಟಳು. “ಅವ್ರಿಗೆ ಜೋರಾಗಿ ಹೇಳಪಾ, ತಮ್ಮಾ. ಮೂವತ್ತು ವರ್ಷ ನಾ ಏನ್ ಕರದ್ರೂ ಓ ಅನ್ಲಿಲ್ಲ. ಸೊಕ್ಕು ಅಂತ ಬೈಕೋತ ಬಂದೆ. ಪಾಪ, ಕಿವೀನ ಇಲ್ಲ ಅಂತ ನಿನ್ನಿಂದ ಗೊತ್ತಾತು ನೋಡು.” ಗಂಡನ ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕಿದಳು. ಶಿವಲಿಂಗಪ್ಪ ವಿನಯದಿಂದ ತಿಂದ.

“ಹಂಗಾರ ನೋಟೀಸನ ಕೊಡಬೇಕು,” ಎಂದು ಮಾಲತೇಶ ಚಪ್ಪಲಿ ಮೆಟ್ಟುತ್ತ ತನ್ನಷ್ಟಕ್ಕೆ ಗೊಣಗಿದ.

“ನೋಟೀಸ್ ಯಾಕ?” ಒಳಗಿನಿಂದ ಶಿವಲಿಂಗಪ್ಪ ಕೂಗಿದ.

ನೋಟೀಸು ಹೋಯಿತು. ಶಿವಲಿಂಗಪ್ಪ ಎರಡೂ ಅಂಗಡಿಯ ಕರಾರುಪತ್ರ ಹಿಡಿದು ನೋಟೀಸು ಕಳಿಸಿದ ಹಳಿಯಾಳದ ವಕೀಲ ಕುಬೇರನ ಕಚೇರಿಗೆ ಓಡಿಬಂದ. ಮಾಲತೇಶ ಅಲ್ಲೇ ಕೂತಿದ್ದ.

“ನೋಡ್ರಿ,” ಕುಬೇರ ಕನ್ನಡಕ ಏರಿಸಿದ. “ಬಾಡಗಿ ತಗೊಂಡ್ರಿ ಅಂದ್ರ ಅವಗ ನೆಮ್ಮದೀಲೆ ಧಂದೆ ಮಾಡಾಕ ಬಿಡಬೇಕು. ಇವನ ಕರಾರಿನ್ಯಾಗ ನೀವ ಸಹಿ ಮಾಡೀರಿ. ಆ ಮನ್ಸೂರಗ ಕೊಟ್ಟದ್ದು ತಗಡಿನ ಸಾಮಾನು ಮಾರಾಕ. ಬಡಿಯಾಕ ಅಂತ ಎಲ್ಲಿ ಬರದೀರಿ, ತೋರಸ್ರಿ?”

ಶಿವಲಿಂಗಪ್ಪ ಕರಾರುಪತ್ರವನ್ನು ತಿರುವಿ ಹಿಂಬದಿಯಲ್ಲೂ ಹುಡುಕಿದ.

“ಅವ್ನ ಬಡಿಯೂದು ನಿಲ್ಲಸ್ರಿ. ಇಲ್ಲಾ ಇವಗ ಬಾಡಗಿ ಕಮ್ಮಿ ಮಾಡ್ರಿ. ಎರಡೂ ಆಗೂದಿಲ್ಲ ಅಂದ್ರ ಕೋರ್ಟಿನ್ಯಾಗ ಭೆಟ್ಟಿ ಆಗೂಣು.”

ಬಾಡಿಗೆ ಕಡಿಮೆ ಎಂಬ ಮಾತು ನಾಟಿತು. ವಾರ ಕಳೆಯುವುದರೊಳಗೆ ಮನ್ಸೂರ ಹಳಿಯಾಳ ರಸ್ತೆಯಲ್ಲಿ ಶೆಡ್ಡು ಹಿಡಿದ. ಮಾರುವುದು ಇಲ್ಲಿ, ಬಡಿಯುವುದು ಅಲ್ಲಿ. ತಗಡು ಇಟ್ಟು ಬಡಿಯುವ ಕಬ್ಬಿಣದ ಅಡಿಗಲ್ಲನ್ನು ಟೆಂಪೋಗೆ ಏರಿಸುತ್ತ ಅವನು ಮಾಲತೇಶನ ಬಾಗಿಲಲ್ಲಿ ಇಣುಕಿದ.

“ಪಾರ್ಟನರ್‌ಶಿಪ್ ಮುರಕೊಂಡ್ರಿ ನೋಡ್ರಿ, ಸಾಹೇಬ್ರ. ಆಮ್ಯಾಲ ನೆನಸ್ತೀರಿ.”

“ನೆನಸೂದಿಲ್ಲ, ಹೋಗ್ರಿ.”

ಕಂಪನಿಯ ಅಧಿಕಾರಿ ರಾಜಶ್ರೀ ಬರುವ ದಿನ ಅಂಗಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮಾಲತೇಶ ಒಂದು ಹೆಜ್ಜೆ ಮುಂದೆ ಹೋಗಿದ್ದ. ತನ್ನಲ್ಲಿ ಯಂತ್ರ ಕೊಂಡವರನ್ನೆಲ್ಲ ಉಪ್ಪಿಟ್ಟು, ಚಹಾದ ಆಸೆ ಹಚ್ಚಿ ಕರೆಸಿದ್ದ. ಬೆಂಚು ತುಂಬಿ, ಉಳಿದವರು ಕಟ್ಟೆಯ ಮೇಲೆ ಕೂತಿದ್ದರು. ಮುಂದಿನ ಕುರ್ಚಿಯಲ್ಲಿ ಶಿವಲಿಂಗಪ್ಪ, ಬೆನ್ನಿಗೆ ಶಿವವ್ವ.

ರಾಜಶ್ರೀ ಕೋಣೆಯ ನಡುವೆ ನಿಂತು ಕಿವಿಗೊಟ್ಟಳು. ತಲೆದೂಗಿದಳು. ಮಾಲತೇಶ ಮನಸ್ಸಿನಲ್ಲೇ ಮುಂಡಗೋಡದವರೆಗೂ ಬೋರ್ಡು ಹಾಕಿಸಿದ.

“ಭಾಳ ಚಲೋ ರೂಮು. ಎಲ್ಲಾರೂ ಬಂದಾರಂದ್ರ ನಾನೂ ಒಂದ್ಸಲ ಪರೀಕ್ಷೆ ಮಾಡೇ ಬಿಡ್ತೇನಿ. ಅಜ್ಜಾರ, ಯಂತ್ರ ತಗೀರಿ. ದನಿ ಕೇಳಿದ ಕೂಡ್ಲೆ ಬೆರಳು ಎತ್ರಿ.”

ಶಿವಲಿಂಗಪ್ಪ ಯಂತ್ರವನ್ನು ಮೇಜಿನ ಮೇಲಿಟ್ಟು ಹೆಡ್‌ಫೋನ್ ಹಾಕಿಕೊಂಡ. ರಾಜಶ್ರೀ ಗುಂಡಿ ಒತ್ತಿದಳು. ಬೆರಳು ಎದ್ದಿತು. ದನಿ ಇಳಿಸಿದಳು. ಎದ್ದಿತು. ಇನ್ನೂ ಇಳಿಸಿದಳು. ಎದ್ದಿತು. ಅವಳು ಪೆಟ್ಟಿಗೆಯ ಮುಳ್ಳನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿದಳು.

“ಇಷ್ಟು ಸಣ್ಣ ದನಿ ನನಗೂ ಕೇಳೂದಿಲ್ರಿ, ಅಜ್ಜಾರ!”

ಹಿಂದೆ ಶಿವವ್ವ ಎದ್ದು ನಿಂತಳು. “ಹಂಗಾರ ಮೂವತ್ತು ವರ್ಷ ನಾ ಅಂದದ್ದೆಲ್ಲಾ ಕೇಳಸ್ತಿತ್ತೇನ್ರಿ ನಿಮಗ?”

ಅದೊಂದು ಮಾತ್ರ ಶಿವಲಿಂಗಪ್ಪನಿಗೆ ಕೇಳಿಸಲಿಲ್ಲ.

“ಮಾಲತೇಶ,” ರಾಜಶ್ರೀ ಮೆಲ್ಲಗೆ ಕೇಳಿದಳು, “ನೀವು ಇವರನ್ನ ಪರೀಕ್ಷೆ ಮಾಡೂ ಮುಂದ ಇಲ್ಲಿ ಏನರ ಸದ್ದು ಇತ್ತೇನು?”

ಮಾಲತೇಶನಿಗೆ ಒಂದೊಂದಾಗಿ ಎಲ್ಲ ಶುಕ್ರವಾರಗಳೂ ನೆನಪಾದವು. ಅವನು ಗೋಡೆ ನೋಡಿದ. ಗೋಡೆ ಸುಮ್ಮನಿತ್ತು.

“ಮುಂದಿನವ್ರು ಬರ್ರಿ,” ಎಂದಳು ರಾಜಶ್ರೀ.

ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಹತ್ತೊಂಬತ್ತು ಯಂತ್ರಗಳಿದ್ದವು. ಅಂಗಡಿ ತೆರೆದಾಗಿನಿಂದ ಅವನು ಮಾರಿದ್ದೂ ಹತ್ತೊಂಬತ್ತೇ.