ನಡುವಿನ ಪಂಚಮ

ಸೋಮವಾರ ದೂರು ಹೋಯಿತು. ಬುಧವಾರ ಸ್ಪರ್ಧೆಯ ಸಮಿತಿಯಿಂದ ಉತ್ತರ ಬಂತು. ಪರಿಶೀಲನೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಬೆಟಗೇರಿಯ ಮನೆಯಲ್ಲೇ. ಅಲ್ಲಿಯವರೆಗೆ ದೂರುದಾರರು ವಾದ್ಯವನ್ನು ಮುಟ್ಟಬಾರದು. ಅಮೀರಾ ಆ ಸಾಲನ್ನು ಎರಡು ಸಲ ಓದಿ, ಕಡೆಯ ಸಲ ಪಿಯಾನೊದ ಒಂದು ಪಟ್ಟಿಯನ್ನು ಒತ್ತಿ ನೋಡಿ, ಆ ಕೋಣೆಗೆ ಬೀಗ ಹಾಕಿದಳು.

ದೂರು ಸರಳವಾಗಿತ್ತು. ಮುಂಬೈಯ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಪಡೆದ ಆರು ನಿಮಿಷದ ಪಿಯಾನೊ ಕೃತಿ ಲಕ್ಷ್ಮೇಶ್ವರದ ವಿಶಾಲನದಲ್ಲ, ತನ್ನದು. ಬಹುಮಾನವೆಂದರೆ ಮೂರು ವರ್ಷ ಮುಂಬೈಯಲ್ಲಿದ್ದು ಕಲಿಯುವ ಅವಕಾಶ. ಅಮೀರಾಳಿಗೆ ಇಪ್ಪತ್ತಮೂರು, ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ. ಹೋದ ವರ್ಷ ದುರಸ್ತಿಯಾದ ಹಾರ್ಮೋನಿಯಂ ಒಯ್ಯಲು ಬಂದಿದ್ದ ವಿಶಾಲ ಅರ್ಧ ತಾಸು ಕುಳಿತು ಅವಳ ನುಡಿಸಾಣಿಕೆಯನ್ನು ಕೇಳಿದ್ದ. ಮೊಬೈಲು ತೊಡೆಯ ಮೇಲಿತ್ತು.

ಅವಳು ಬರೆದಿಟ್ಟ ಹಾಳೆಗಳಿಗೆ ತಾರೀಖಿರಲಿಲ್ಲ. ಆದರೆ ಪುರಾವೆ ಕೃತಿಯೊಳಗೇ ಇತ್ತು. ಸಾವಿರದ ಇನ್ನೂರು ಸ್ವರಗಳಲ್ಲಿ ನಡುವಿನ ಸಪ್ತಕದ ಪಂಚಮ ಒಮ್ಮೆಯೂ ಬರುವುದಿಲ್ಲ. ಅದು ಬೇಕಾದಲ್ಲೆಲ್ಲ ಕೈ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ತೀರ್ಪುಗಾರರು ಆ ಜಿಗಿತವನ್ನೇ ಅಪರೂಪದ ಧೈರ್ಯವೆಂದು ಹೊಗಳಿದ್ದರು. ಅದು ಧೈರ್ಯವಲ್ಲ. ಹಳೆಯ ಬಂಗಲೆಯ ಗುಜರಿಯಿಂದ ಮನೆಗೆ ಬಂದ ಈ ಎಂಬತ್ತೈದು ಪಟ್ಟಿಗಳ ಹಳೆಯ ಕಾಲದ ಪಿಯಾನೊದಲ್ಲಿ ಆ ಒಂದು ಬಿಳಿ ಪಟ್ಟಿ ಮೂಕವಾಗಿತ್ತು. ಒತ್ತಿದರೆ ಕಟ್ಟಿಗೆಯ ಸಪ್ಪಳ ಮಾತ್ರ. ವಿಶಾಲನ ಪಿಯಾನೊ ಹೊಚ್ಚ ಹೊಸದು. ಪಂಚಮವನ್ನು ತಪ್ಪಿಸಲು ಅವನಿಗೆ ಯಾವ ಕಾರಣವೂ ಇರಲಿಲ್ಲ.

ತಂದೆ ಮರ್ದಾನಸಾಬ ಹಾರ್ಮೋನಿಯಂ ದುರಸ್ತಿಗಾರ. ನಲವತ್ತು ವರ್ಷ ಪಳಗಿದ ಕೈ. ಆ ಪಟ್ಟಿಯನ್ನು ಸರಿಮಾಡಿಕೊಡಿ ಎಂದು ಪಿಯಾನೊ ಬಂದ ಮೊದಲ ವರ್ಷವೇ ಅವಳು ಕೇಳಿದ್ದಳು. ಗಿರಾಕಿಗಳ ಹಾರ್ಮೋನಿಯಂ ಪೇಟಿಗಳು ಮುಗಿಯಲಿ ಎಂದಿದ್ದರು. ಅವು ಮುಗಿಯಲಿಲ್ಲ. ಅವಳೂ ಕೇಳುವುದನ್ನು ಬಿಟ್ಟಳು.

ದೂರಿನ ಸಂಗತಿಯನ್ನು ಅವರಿಗೆ ಹೇಳಿರಲಿಲ್ಲ. ವಿಶಾಲನ ತಂದೆ ಮೌನೇಶ ಸಂಗೀತ ಶಾಲೆ ನಡೆಸುತ್ತಾರೆ; ಅಲ್ಲಿಯ ಪೇಟಿಗಳೆಲ್ಲ ಮರ್ದಾನಸಾಬರ ಕೈಗೇ ಬರುತ್ತವೆ. ತಿಳಿದರೆ ದೂರನ್ನು ಹಿಂದಕ್ಕೆ ತೆಗೆದುಕೊ ಎನ್ನುತ್ತಿದ್ದರು. ಹಾಗಾಗಿ ಮುಂಬೈಯವರು ಪಿಯಾನೊ ನೋಡಲು ಬರುತ್ತಾರೆ ಎಂದಷ್ಟೇ ಹೇಳಿದಳು. ಎಷ್ಟು ಮಂದಿ, ಚಹಾ ಸಾಕೋ ಊಟವೂ ಬೇಕೋ ಎಂದು ವಿಚಾರಿಸಿದ ಅವರು, ಅಲುಗಾಡುವ ಕುರ್ಚಿಯ ಕಾಲಿಗೆ ಅಂದೇ ಮೊಳೆ ಹೊಡೆದರು.

ಗುರುವಾರ ಬೆಳಿಗ್ಗೆ, ಸಮಿತಿಯಿಂದ ಸುದ್ದಿ ತಿಳಿದಿದ್ದ ವಿಶಾಲನ ಫೋನು ಬಂತು. "ಪಿಯಾನೊ ಹುಷಾರಾಗಿ ನೋಡ್ಕೋವಾ. ಹಳೇದೈತಿ."

ಅವಳು ಅದನ್ನು ಬೆದರಿಕೆಯೆಂದೇ ತಿಳಿದಳು. ಅಂದು ಮುಂಡರಗಿಯಲ್ಲಿ ಮಕ್ಕಳಿಗೆ ಪಾಠ, ತಪ್ಪಿಸುವಂತಿರಲಿಲ್ಲ. ಕೋಣೆಯ ಕೀಲಿಯನ್ನು ತಂದೆಯ ಕೈಗಿತ್ತಳು.

"ಯಾರನ್ನೂ ಒಳಗ ಬಿಡಬ್ಯಾಡ್ರಿ, ಅಬ್ಬಾ."

"ನಾನ ಕುಂತಿರ್ತೀನಿ. ಯಾರು ಬರ್ತಾರ?"

ಶುಕ್ರವಾರ ಮೂವರು ಬಂದರು; ಹಿಂದೆ ವಿಶಾಲನೂ ಬಂದ. ಸಮಿತಿಯ ಮುಖ್ಯಸ್ಥೆ ಸೀಮಾ ಧಾರವಾಡದ ಕಡೆಯವರು, ಮಾತು ಕಡಿಮೆ. ಒರೆಸಿದ ಮುಚ್ಚಳವನ್ನು ತೆರೆದು ಎಡತುದಿಯಿಂದ ಒಂದೊಂದೇ ಪಟ್ಟಿಯನ್ನು ಒತ್ತುತ್ತ ಬಂದರು. ನಡುವಿನ ಸಪ್ತಕ ಬಂತು. ಷಡ್ಜ, ರಿಷಭ, ಗಾಂಧಾರ, ಮಧ್ಯಮ.

ಪಂಚಮ ನುಡಿಯಿತು. ದುಂಡಗೆ, ಕೋಣೆ ತುಂಬುವಂತೆ.

ಅಮೀರಾ ತಿರುಗಿ ವಿಶಾಲನನ್ನು ದಿಟ್ಟಿಸಿದಳು. ಹೇಗೆ ನುಗ್ಗಿದ, ಯಾರನ್ನು ಕಳಿಸಿದ? ಅವನ ಬಾಯಿಯೂ ಅರೆ ತೆರೆದಿತ್ತು. ಅವಳು ಆ ಮುಖದಲ್ಲಿ ಕಳ್ಳತನವನ್ನು ಹುಡುಕುತ್ತಿದ್ದಾಗಲೇ ಸೀಮಾ ಮನೆಯ ಯಜಮಾನರತ್ತ ಹೊರಳಿ, ಈ ಪಟ್ಟಿ ಹಿಂದೆ ಎಂದಾದರೂ ಕೆಟ್ಟಿತ್ತೇ ಎಂದು ಕೇಳಿದ್ದರು.

ಮರ್ದಾನಸಾಬ ಬೆನ್ನು ನೆಟ್ಟಗೆ ಮಾಡಿಕೊಂಡರು. "ನಲವತ್ತು ವರ್ಷ ಇದನ್ನ ಮಾಡೇನ್ರಿ, ಬಾಯಾರ. ನಮ್ಮ ಮನ್ಯಾಗಿನ ವಾದ್ಯದಾಗ ಎಂದೂ ಕೊರತಿ ಇಲ್ರಿ."

ಸಮಿತಿಯವರು ಆ ಮಾತನ್ನು ಬರೆದುಕೊಂಡರು. ಅಮೀರಾ ಇತ್ತ ತಿರುಗುವಷ್ಟರಲ್ಲಿ ಅದರ ಕೆಳಗೆ ತಂದೆಯ ಸಹಿಯೂ ಬಿದ್ದಿತ್ತು.

ಬಂದವರು ಹೊರಬಿದ್ದ ಮೇಲೆ ಅವಳು ತಂದೆಯತ್ತ ಹೊರಳಿದಳು. "ನಿನ್ನೆ ಯಾರು ಬಂದಿದ್ರು, ಅಬ್ಬಾ?"

"ಯಾರೂ ಇಲ್ಲ." ಅವರ ಉಗುರುಗಳಲ್ಲಿ ಅಂಟು ಒಣಗಿತ್ತು. "ಐದು ವರ್ಷ ನಾಳಿ ನಾಳಿ ಅಂದೆ, ಬೇಟಿ. ದೊಡ್ಡ ಮಂದಿ ಮುಂದ ನಿನ್ನ ಪಟ್ಟಿ ಮೂಕ ಇರಬಾರದಂತ ಊಟ ಬಿಟ್ಟು ಕುಂತು ಮಾಡೀನಿ. ಪಾಸಾತಿಲ್ಲೋ?"

ಕಾರು ಇನ್ನೂ ಓಣಿಯ ತಿರುವಿನಲ್ಲಿತ್ತು. ಓಡಿದರೆ ಸಿಗುತ್ತಿತ್ತು. ಓಡಿ, ಅಬ್ಬಾ ಸುಳ್ಳಿಗೆ ಸಹಿ ಹಾಕಿದರೆಂದು ಹೇಳಬೇಕಿತ್ತು.

"ಪಿಯಾನೊ ಪಾಸಾತ್ರಿ, ಅಬ್ಬಾ," ಎಂದಳು.

ಮಂಗಳವಾರ ವರದಿ ಬಂತು: ಎಂಬತ್ತೈದು ಪಟ್ಟಿಗಳೂ ನುಡಿಯುತ್ತವೆ; ವಾದ್ಯದಲ್ಲಿ ಎಂದೂ ದೋಷವಿರಲಿಲ್ಲವೆಂದು ದೂರುದಾರರ ತಂದೆಯೇ ಸಹಿ ಮಾಡಿದ್ದಾರೆ; ಕೃತಿ ವಿಶಾಲನದು.