ಅಂಟಿನುಂಡೆಯ ವ್ಯಾಜ್ಯ

ಅಂಟಿನುಂಡೆ ಔಷಧವೋ ಸಿಹಿತಿಂಡಿಯೋ ಎಂಬ ಪ್ರಶ್ನೆ ಕೊನೆಗೂ ತೆರಿಗೆ ನ್ಯಾಯಮಂಡಳಿಯ ಮುಂದೆ ಬಂದು ನಿಂತಿತ್ತು. ಔಷಧವೆಂದಾದರೆ ತೆರಿಗೆ ಹಗುರ. ಸಿಹಿತಿಂಡಿಯೆಂದಾದರೆ ಗಂಡ ಹೆಂಡತಿ ನಡೆಸುವ ಆ ಪುಟ್ಟ ಅಂಗಡಿಗೆ ಬೀಗ.

"ಇದು ಬಾಣಂತ್ಯಾರ ಔಷಧ ರೀ ಸಾಹೇಬ್ರ. ರುಚಿಗಂತ ಯಾರೂ ತಿನ್ನಂಗಿಲ್ಲ," ಎಂದು ಗಂಡ ಕೈಮುಗಿದ. ಉಂಡೆ ಕಟ್ಟಿದ ಹೆಂಡತಿ ನೀಲವ್ವ ಪಕ್ಕದಲ್ಲಿ ತುಟಿ ಬಿಗಿದು ಕುಳಿತಿದ್ದಳು.

"ಹಾಗಾದರೆ ಸರ್ಕಾರಿ ವಕೀಲರೇ ತಿಂದು ನೋಡಲಿ," ಎಂದರು ಅಧ್ಯಕ್ಷರು.

ವಕೀಲರು ಮೇಜಿನ ಮೇಲಿದ್ದ ತಟ್ಟೆಯಿಂದ ಒಂದು ಉಂಡೆ ಎತ್ತಿ, ಮುರಿದು ಬಾಯಿಗಿಟ್ಟು, ಯಾವುದೋ ಹಳೆಯ ದುಃಖವನ್ನು ನೆನೆಯುವವರಂತೆ ಬಹಳ ಹೊತ್ತು ಅಗಿದು, ಉಳಿದರ್ಧವನ್ನು ಮೆಲ್ಲನೆ ತಟ್ಟೆಗೆ ಮರಳಿಸಿದರು.

"ಮಾನ್ಯರೇ, ಇನ್ನು ನಮ್ಮ ತಕರಾರಿಲ್ಲ. ಇಷ್ಟು ರುಚಿಗೆಟ್ಟ ವಸ್ತುವನ್ನು ಔಷಧವೆಂದಲ್ಲದೆ ಬೇರಾವ ಕಾರಣಕ್ಕೂ ಮನುಷ್ಯರು ನುಂಗಲಾರರು."

ಗೆದ್ದೆವೆಂದು ಗಂಡ ನಿರಾಳವಾಗಿ ಉಸಿರು ಬಿಡುವಷ್ಟರಲ್ಲಿ ನೀಲವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಕುಂದ್ರ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಅವನು ಪಿಸುಗುಟ್ಟಿದ.

"ನೀವ್ ಸುಮ್ಕಿರ್ರಿ!" ಎಂದವಳು ಅಧ್ಯಕ್ಷರತ್ತ ತಿರುಗಿದಳು. "ಸಾಹೇಬ್ರ, ತೆರಿಗಿ ಎಷ್ಟರ ಆಗ್ಲಿ, ಬರ್ಕೊಳ್ರಿ. ಇದು ಸಿಹಿತಿಂಡೀನ ಐತಿ!"