ಬರೆದವರು ಯಾರು?

ಹಸಿದ ಬಾಯಿಯ ಆ ಹುಳಿವಾಸನೆ ಗ್ರಂಥಪಾಲಕಿಗೆ ಚಿಕ್ಕಂದಿನಿಂದ ಗೊತ್ತು. ಜ್ವರವೆಂದು ದೊಡ್ಡವರು ಉಪವಾಸ ಕೆಡವಿದ್ದ ಅಕ್ಕನ ಮಗ್ಗುಲಲ್ಲಿ ಮಲಗಿದವಳು ಆಕೆ. ಕಾಲೇಜು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತಿದ್ದ ಹಾಸ್ಟೆಲಿನ ಹುಡುಗಿಯತ್ತ ಬಗ್ಗಿದಾಗ ಅದೇ ವಾಸನೆ ಬಂತು.

“ಊಟ ಬಿಟ್ಟು ಎಷ್ಟು ದಿನ ಆಯ್ತಮ್ಮ?”

“ಮೂರು, ಮೇಡಂ. ಎದೆ ಡವಡವ ಅಂತಿತ್ತು. ಹತ್ತು ದಿನ ಬರೀ ನೀರು ಕುಡಿದ್ರೆ ಸರಿಹೋಗತ್ತಂತೆ, ಈ ವೆಬ್‌ಸೈಟಲ್ಲಿ ಬರೆದಿದ್ದಾರೆ.”

“ಯಾರನ್ನಾದ್ರೂ ಕೇಳಬಾರದಿತ್ತಾ?”

“ಯಾರನ್ನ ಕೇಳ್ಲಿ? ರೂಮಲ್ಲಿ ನಾನೊಬ್ಬಳೇ. ಇದಾದ್ರೆ ಕೇಳಿದಾಗೆಲ್ಲ ಉತ್ತರ ಕೊಡತ್ತೆ.”

“ಬರೆದವರು ಯಾರು, ಯಾವ ವರ್ಷದ್ದು ಅಂತ ನೋಡದೆ ನಾನು ಪುಸ್ತಕಾನ ಕಪಾಟಿಗೇ ಸೇರಿಸಲ್ಲ. ನೀನು ಮೈಗೇ ಸೇರಿಸ್ಕೊಂಡ್ಯಲ್ಲ. ಹೆಸರು ಹುಡುಕು, ನೋಡೋಣ.”

ಹುಡುಗಿ ಪುಟವನ್ನು ಕೆಳಗೆ, ಇನ್ನೂ ಕೆಳಗೆ ಸರಿಸಿದಳು. ವೈದ್ಯರ ಹೆಸರಿಲ್ಲ, ತಾರೀಕಿಲ್ಲ. ಕಟ್ಟಕಡೆಗೆ ಒಂದು ಪುಡಿಯ ಡಬ್ಬಿ, ಪಕ್ಕದಲ್ಲಿ ‘ಈಗಲೇ ಕೊಳ್ಳಿ’.

“ಇಷ್ಟು ದಿನ ನನ್ನ ಜೊತೆ ಮಾತಾಡಿದ್ದು ಇವರಾ?”

“ಕಾಲೇಜಿನ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ” ಎಂದ ಗ್ರಂಥಪಾಲಕಿ, ಇಲ್ಲಿ ಏನನ್ನೂ ತಿನ್ನಬಾರದೆಂದು ತಾನೇ ಬರೆದು ಅಂಟಿಸಿದ್ದ ಚೀಟಿಯ ಕೆಳಗೇ ತನ್ನ ಬುತ್ತಿಯನ್ನು ಬಿಚ್ಚಿ ಅವಳ ಮುಂದಿಟ್ಟಳು.